ಗೇಟಿಗೂ ಬೇಡವೇ ವರ್ಷಕ್ಕೊಂದು ಮುದ್ರೆ?

ತುಂಗಭದ್ರಾ ಡ್ಯಾಮಿನ ಗೇಟು ತೆರೆದರು ಅಂತ ಸುದ್ದಿ ಬಂದರೆ ಸಾಕು, ಜನ ಮಕ್ಕಳು ಮರಿ ಕಟ್ಟಿಕೊಂಡು ಹೊಸಪೇಟೆ ಬಸ್ಸು ಹತ್ತುತ್ತಾರೆ. ಆದರೆ ಆ ಗೇಟುಗಳ ಆಯುಷ್ಯ ನಿರ್ಧಾರವಾಗುವುದು ಯಾರೂ ನೋಡಲು ಹೋಗದ ಬೇಸಿಗೆಯಲ್ಲಿ.

ಲೆಕ್ಕ ಸರಳ. ಜಲಾಶಯ ತುಂಬಿದರೆ ನೀರಿನ ಮಟ್ಟ 1633 ಅಡಿ. ಗೇಟಿನ ಎತ್ತರ 20 ಅಡಿ. ನೀರು 1613 ಅಡಿಗಿಂತ ಕೆಳಗಿಳಿದಾಗ ಮಾತ್ರ ಗೇಟು ಪೂರ್ತಿ ಕೈಗೆ ಸಿಗುತ್ತದೆ. ತುಕ್ಕು ಕೆರೆದು ಬಣ್ಣ ಬಳಿಯುವುದು, ಚೈನಿನ ಒಂದೊಂದು ಕೊಂಡಿ ನೋಡುವುದು, ಗ್ರೀಸ್ ಹಚ್ಚುವುದು, ಅಂಚಿನ ರಬ್ಬರ್ ಬದಲಿಸುವುದು ಎಲ್ಲಾ ಮಳೆಗೆ ಮುಂಚೆಯೇ ಮುಗಿಯಬೇಕು. 60 ಅಡಿ ಅಗಲದ ಇಂಥ ಗೇಟು ಒಂದೆರಡಲ್ಲ, 33.

ಒಂದು ಕೊಂಡಿ ಕೈಕೊಟ್ಟರೆ ಏನಾಗುತ್ತದೆ ಅನ್ನುವುದು 2024ರ ಆಗಸ್ಟ್ 10ರ ರಾತ್ರಿ ಗೊತ್ತಾಯಿತು. ಚೈನು ತುಂಡಾಗಿ 19ನೇ ಗೇಟು ಕೊಚ್ಚಿಹೋಯಿತು. ಡ್ಯಾಮು ತುಂಬಿತ್ತು. ಮಿಕ್ಕ ಗೇಟುಗಳನ್ನೂ ಎತ್ತಿ ನೀರು ಹೊಳೆಗೆ ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಮತ್ತು ಕೆಲಸಗಾರರು ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆ ಇಳಿಸಿ ವಾರದೊಳಗೆ ಬಾಯಿ ಮುಚ್ಚಿದರು. ಭೇಷ್ ಅನ್ನಲೇಬೇಕು. ಆ ವರ್ಷ ಮಳೆ ಕೈಹಿಡಿಯಿತು, ಜಲಾಶಯ ಮತ್ತೆ ತುಂಬಿತು. ಮಳೆ ಕೈಕೊಟ್ಟಿದ್ದರೆ?

ಪೆಟ್ಟು ಅಲ್ಲಿಗೇ ನಿಲ್ಲಲಿಲ್ಲ. 2025ರಲ್ಲಿ ಹಳೇ ಗೇಟುಗಳ ಮೇಲೆ ಭಾರ ಬೀಳಬಾರದೆಂದು ಸುಮಾರು 80 ಟಿಎಂಸಿಗೇ ನೀರು ನಿಲ್ಲಿಸಿದರು. 33 ಗೇಟುಗಳನ್ನೂ ಬದಲಿಸುವ ಸಲುವಾಗಿ ಎರಡನೇ ಬೆಳೆಗೆ ನೀರಿಲ್ಲ ಎಂದರು. ರೈತರು ಬೀದಿಗಿಳಿದರು. ಅದು ರೈತರ ತಾಪತ್ರಯ ಅಂತ ಅಂಗಡಿಯವರು ಸುಮ್ಮನಿರುವಂತಿಲ್ಲ. ಗಂಗಾವತಿ, ಸಿಂಧನೂರು, ಸಿರುಗುಪ್ಪದಲ್ಲಿ ಭತ್ತ ಬಂದರೆ ತಾನೇ ಹಳೇ ಬಾಕಿ ವಸೂಲಿ, ಹೊಸ ಬಟ್ಟೆ ವ್ಯಾಪಾರ? ಗದ್ದೆ ಒಣಗಿದರೆ ಗಲ್ಲಾಪೆಟ್ಟಿಗೆಯೂ ಒಣಗುತ್ತದೆ.

1953ರಲ್ಲಿ ನೀರು ನಿಲ್ಲಿಸಿದ ಡ್ಯಾಮಿಗೆ ಹೊಸ ಗೇಟು ಬೇಕೇ ಬೇಕು, ನಿಜ. ಆದರೆ ಹೊಸ ಉಕ್ಕಿಗೂ ತುಕ್ಕು ಹಿಡಿಯುತ್ತದೆ. ಅಂಗಡಿಯ ತಕ್ಕಡಿಗೆ ಮುದ್ರೆ ಇಲ್ಲದಿದ್ದರೆ ದಂಡ ಹಾಕುತ್ತಾರೆ. ಎಫ್‌ಸಿ ಇಲ್ಲದ ಬಸ್ಸು ರಸ್ತೆಗಿಳಿಯುವಂತಿಲ್ಲ. ಲಕ್ಷಾಂತರ ಎಕರೆ ನೀರು ಕಾಯುವ ಗೇಟಿಗೆ ಅಷ್ಟೂ ಬೇಡವೇ? ಯಾವ ಗೇಟು ಯಾವತ್ತು ನೋಡಿದರು, ಏನು ದುರಸ್ತಿ ಆಯಿತು ಅಂತ ಪ್ರತಿ ಬೇಸಿಗೆ ಬೋರ್ಡು ಬರೆದು ಹಾಕಲಿ. ನೀರು ನೋಡಲು ಬಂದ ಜನ ಅದನ್ನೂ ಓದಿಕೊಂಡು ಹೋಗಲಿ.