ಗೀರು ಅಳಿಸುವ ಕಸುಬು

ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ಹೆದ್ದಾರಿ ಹಿಡಿದರೆ ನಿಪ್ಪಾಣಿ ದಾಟಿ ಕೊಲ್ಹಾಪುರ. ಗೋಕಾಕ, ಮೂಡಲಗಿ ಕಡೆಯವರಿಗೆ ಅದು ಮಹಾಲಕ್ಷ್ಮಿಯ ಊರು, ಚಪ್ಪಲಿಯ ಊರು. ಮೂಕಿ ಚಿತ್ರಗಳ ಊರೂ ಹೌದು. ಬಾಬುರಾವ್ ಪೇಂಟರ್ ಅಲ್ಲಿಯೇ ಸ್ವತಃ ಕ್ಯಾಮೆರಾ ತಯಾರಿಸಿ, 1920ರಲ್ಲಿ ‘ಸೈರಂಧ್ರಿ’ಯನ್ನು ತೆರೆಗೆ ತಂದರು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲೂ ಚಿತ್ರಮಂದಿರದಲ್ಲೂ ದುಡಿದಿದ್ದ ವಿ. ಶಾಂತಾರಾಮ್ ಕೆಲಸ ಕಲಿತದ್ದು ಅವರ ಕಂಪನಿಯಲ್ಲಿ. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಚಿತ್ರೀಕರಣವೂ ಕೊಲ್ಹಾಪುರದಲ್ಲೇ ನಡೆಯಿತು.

ಈಗ ಆ ‘ಸೈರಂಧ್ರಿ’ ಇಲ್ಲ, ‘ಸತಿ ಸುಲೋಚನ’ವೂ ಇಲ್ಲ. ಕೈಲಾಸಂ ನಟಿಸಿದ ಮೂಕಿ ‘ವಸಂತಸೇನಾ’ ಕೂಡ ಕಳೆದುಹೋಗಿದೆ. ದೇಶದಲ್ಲಿ ತಯಾರಾದ ಸುಮಾರು 1,300 ಮೂಕಿಗಳಲ್ಲಿ ಉಳಿದವು ಮೂವತ್ತರ ಆಸುಪಾಸು. ಹಲವು ಬರೀ ತುಣುಕು. ಆಗಿನ ರೀಲು ನೈಟ್ರೇಟಿನದು. ಒಮ್ಮೆ ಹೊತ್ತಿಕೊಂಡರೆ ನೀರೊಳಗೂ ಉರಿಯುತ್ತದೆ; ಬೆಂಕಿ ತಗಲದಿದ್ದರೂ ಸೆಕೆಗೆ ಅಂಟಾಗಿ, ಕೊನೆಗೆ ಪುಡಿಯಾಗುತ್ತದೆ. ರೀಲಿನಲ್ಲಿರುವ ಬೆಳ್ಳಿಯ ಆಸೆಗೆ ಅದನ್ನು ಕರಗಿಸಿದವರೂ ಇದ್ದರು. ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಗಿ, ಪಿ.ಕೆ. ನಾಯರ್ ಊರೂರು ಅಲೆದು ರೀಲು ಕೂಡಿಹಾಕುವ ಹೊತ್ತಿಗೆ ಬಹುಪಾಲು ನಾಶವಾಗಿತ್ತು. ಫಾಲ್ಕೆಯವರ ‘ಕಾಲಿಯ ಮರ್ದನ’ದ (1919) ಹೆಚ್ಚಿನ ಭಾಗ ಉಳಿದದ್ದು ನಮ್ಮ ಪುಣ್ಯ.

ಹೀಗೆ ಉಳಿದ ರೀಲಿಗೆ ಮೊದಲು ಬೇಕಾದದ್ದು ಮನುಷ್ಯರ ಕೈ. ಹರಿದಲ್ಲಿ ತೇಪೆ ಹಾಕಬೇಕು, ರೀಲಿನ ಅಂಚಿನಲ್ಲಿ ಕಿತ್ತುಹೋದ ರಂಧ್ರಗಳನ್ನು ಸರಿಪಡಿಸಬೇಕು, ಧೂಳು ತೆಗೆಯಬೇಕು. ಆಮೇಲೆ ಸ್ಕ್ಯಾನರು ಒಂದೊಂದೇ ಫ್ರೇಮಿನ ಚಿತ್ರ ತೆಗೆಯುತ್ತದೆ. ಕಂಪ್ಯೂಟರಿನ ಪಾಳಿ ಅಲ್ಲಿಂದ ಮುಂದೆ. ಹಿಂದಿನ, ಮುಂದಿನ ಫ್ರೇಮುಗಳಲ್ಲಿ ಇಲ್ಲದ ಕಲೆ ನಡುವಿನದರಲ್ಲಿ ಕಂಡರೆ ಅದನ್ನು ಕೊಳೆಯೆಂದು ಗುರುತಿಸಿ, ಅಕ್ಕಪಕ್ಕದ ಚಿತ್ರದಿಂದ ಆ ಜಾಗ ತುಂಬುತ್ತದೆ. ನಡುಗುವ ಚಿತ್ರವನ್ನು ನಿಲ್ಲಿಸುತ್ತದೆ, ಮಿನುಗುವ ಬೆಳಕನ್ನು ಸಮ ಮಾಡುತ್ತದೆ. ಮೇಲೆ ಕಣ್ಣಿಡುವವರು ಇಲ್ಲದಿದ್ದರೆ ಮಳೆಹನಿಯನ್ನೂ ಕೊಳೆಯೆಂದೇ ಅಳಿಸೀತು!

ವೇಗದ್ದು ಬೇರೆ ತಕರಾರು. ಮೂಕಿಯ ಕ್ಯಾಮೆರಾಮನ್ ಹಿಡಿಕೆ ತಿರುಗಿಸುತ್ತ ಸೆಕೆಂಡಿಗೆ 16–18 ಫ್ರೇಮು ತೆಗೆಯುತ್ತಿದ್ದ. ಅದನ್ನೇ 24ರಲ್ಲಿ ಓಡಿಸಿದ್ದಕ್ಕೆ ನಮ್ಮ ಕಣ್ಣಿಗೆ ಆ ಕಾಲದವರೆಲ್ಲ ದಡಬಡ ಓಡಾಡುವವರಾದರು. ವೇಗ ಸರಿಪಡಿಸಿದರೆ ನಟರಿಗೆ ಅವರ ಗಾಂಭೀರ್ಯ ಮರಳುತ್ತದೆ. ಇದು ನ್ಯಾಯದ ಕೆಲಸ.

ಆದರೆ 2020ರಲ್ಲಿ ಲೂಮಿಯೇರ್ ಸಹೋದರರ ಪ್ರಸಿದ್ಧ ರೈಲಿನ ಚಿತ್ರವನ್ನು ಕೃತಕ ಬುದ್ಧಿಮತ್ತೆಯಿಂದ ಸೆಕೆಂಡಿಗೆ 60 ಫ್ರೇಮಿಗೆ ಏರಿಸಿದ್ದು ಬೇರೆ ಜಾತಿಯ ಕೆಲಸ. ನೋಡಲು ಸೊಗಸು, ನಾನೂ ಬಾಯಿ ತೆರೆದು ನೋಡಿದೆ. ಅದರಲ್ಲಿನ ಬಹುಪಾಲು ಫ್ರೇಮುಗಳನ್ನು ಯಾವ ಕ್ಯಾಮೆರಾವೂ ಕಂಡಿರಲಿಲ್ಲ. ಯಂತ್ರ ಊಹಿಸಿ ಬರೆದದ್ದು. ‘ಕಾಲಿಯ ಮರ್ದನ’ದ ಮೊದಲಿಗೆ ಫಾಲ್ಕೆ ಮಗಳು ಮಂದಾಕಿನಿ ಬಗೆಬಗೆಯ ಮುಖಭಾವ ತೋರಿಸುತ್ತಾಳೆ. ಆ ಕೆನ್ನೆಯನ್ನು ನುಣುಪು ಮಾಡಹೊರಟ ಯಂತ್ರ ಯಾವುದೋ ಹುಡುಗಿಯ ಕೆನ್ನೆ ತಂದಿಟ್ಟರೆ ಅದಕ್ಕೆ ದುರಸ್ತಿಯೆನ್ನಲು ನನಗೆ ಮನಸ್ಸಿಲ್ಲ. ಮಾಡುವವರು ಮಾಡಲಿ, ಮೂಲ ಸ್ಕ್ಯಾನನ್ನು ಮುಟ್ಟದೆ ಪಕ್ಕದಲ್ಲಿಟ್ಟಿರಲಿ.

ನಮ್ಮ ಕಡೆಯ ಹಳೆಯ ವಾಡೆಗಳ ಅಟ್ಟದಲ್ಲಿ, ಮುಚ್ಚಿದ ಟಾಕೀಸುಗಳ ಗೋದಾಮಿನಲ್ಲಿ ತುಕ್ಕು ಹಿಡಿದ ರೀಲಿನ ಡಬ್ಬಿ ಸಿಕ್ಕರೆ ಪ್ರೊಜೆಕ್ಟರಿಗೆ ಹಾಕಬೇಡಿ, ಬಿಸಿಲಿಗಿಡಬೇಡಿ, ಹತ್ತಿರ ಬೀಡಿ ಹಚ್ಚಬೇಡಿ. ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಅದು ನೈಟ್ರೇಟಿನ ನಂತರ ಬಂದ ಅಸಿಟೇಟ್ ರೀಲು. ಅದೂ ಹಾಳಾಗುತ್ತಿದೆ ಎಂದರ್ಥ. ತಂಪು ಜಾಗದಲ್ಲಿಟ್ಟು ಪುಣೆಯ ಸಂಗ್ರಹಾಲಯಕ್ಕೆ ತಿಳಿಸಿ.