ದಫ್ತರದ ಕೀಲಿಕೈ ಯಾರಲ್ಲಿರಬೇಕು?

ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳು 2009-10ರಲ್ಲಿ ಗುಲಬರ್ಗಾದಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದವು. ಜಿಲ್ಲೆಯೊಡನೆ ಕಚೇರಿಗಳು ಬಂದವು. ಕಚೇರಿಗಳೊಡನೆ ಕಾಗದಪತ್ರಗಳೂ ಬೆಳೆದವು. ಇಂದು ಶಾಲೆ, ಕಾಲೇಜು, ಸಹಕಾರ ಸಂಘಗಳ ದಫ್ತರಗಳು ಸಹ ಕಪಾಟನ್ನು ಬಿಟ್ಟು ಕ್ಲೌಡ್ ಎಂಬ ದೂರದ ಗಣಕ ಉಗ್ರಾಣವನ್ನು ಸೇರತೊಡಗಿವೆ. ಸೌಕರ್ಯ ದೊಡ್ಡದು, ಹೊಣೆ ಅದಕ್ಕಿಂತ ದೊಡ್ಡದು.

ಕಪಾಟಿನ ಕೀಲಿಕೈ ಯಾರಲ್ಲಿದೆಯೆಂಬದು ಕಚೇರಿಗೆಲ್ಲ ಗೊತ್ತಿರುತ್ತಿತ್ತು. ವರ್ಗವಾದ ನೌಕರನು ಚಾರ್ಜು ಒಪ್ಪಿಸುವಾಗ ಅದನ್ನೂ ಒಪ್ಪಿಸುತ್ತಿದ್ದನು. ಕ್ಲೌಡಿನ ಕೀಲಿಕೈಯ ರೀತಿಯೇ ಬೇರೆ. ನೂರು ಜನರಿಗೆ ಹಂಚಿದರೂ ಅದು ಸವೆಯದು, ಹಂಚಿದವನಿಗೇ ಮರೆತುಹೋಗುವದು. ‘ಲಿಂಕು ಉಳ್ಳವರೆಲ್ಲರೂ ನೋಡಬಹುದು’ ಎಂಬ ಅನುಮತಿಯನ್ನು ಅವಸರದಲ್ಲಿ ಕೊಟ್ಟರೆ, ಆ ಲಿಂಕು ವಾಟ್ಸಾಪಿನಲ್ಲಿ ಊರೂರು ತಿರುಗುವದು. ಒಳಗಿರುವದಾದರೂ ಏನು? ವಿದ್ಯಾರ್ಥಿಯ ಜಾತಿ ಪ್ರಮಾಣಪತ್ರ, 371(ಜೆ) ಅರ್ಹತಾ ಪತ್ರ, ವಿಧವಾ ವೇತನ ಪಡೆಯುವ ತಾಯಿಯ ಬ್ಯಾಂಕು ಖಾತೆ, ರೈತನ ಆಧಾರ್ ಸಂಖ್ಯೆ! ಲಿಂಕನ್ನು ನಾಳೆ ಮುಚ್ಚಬಹುದು. ಆದರೆ ಇಳಿಸಿಕೊಂಡ ಪ್ರತಿ ಮರಳಿ ಬಾರದು.

ಎಲ್ಲವನ್ನೂ ಮುಚ್ಚಿಡಬೇಕೆಂಬದು ನಮ್ಮ ವಾದವಲ್ಲ. ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿದ ಕರ್ನಾಟಕದ ‘ಭೂಮಿ’ ಯೋಜನೆಯನ್ನೇ ನೋಡಿರಿ. ಪಹಣಿಯ ಪ್ರತಿಯನ್ನು ಯಾರೂ ಶುಲ್ಕ ತೆತ್ತು ಪಡೆಯಬಹುದು; ತಿದ್ದುವ ಅಧಿಕಾರ ಮಾತ್ರ ನೇಮಿತ ನೌಕರನಿಗೆ, ಅದೂ ಬೆರಳಚ್ಚಿನಿಂದ ತನ್ನ ಗುರುತು ಸ್ಥಾಪಿಸಿದ ಬಳಿಕ. ನೋಡುವ ಹಕ್ಕು ಬೇರೆ, ತಿದ್ದುವ ಹಕ್ಕು ಬೇರೆ, ಹಂಚುವ ಹಕ್ಕು ಮತ್ತೂ ಬೇರೆ ಎಂಬ ವಿವೇಕ ಪ್ರತಿಯೊಂದು ಕಚೇರಿಗೂ ಬರಬೇಕು.

ಮಾಡತಕ್ಕದ್ದೇನು? ಮೊದಲನೆಯದಾಗಿ, ಅನುಮತಿಯು ವ್ಯಕ್ತಿಗಲ್ಲ, ಹುದ್ದೆಗೆ ಸಲ್ಲಬೇಕು. ಹುದ್ದೆ ಬಿಟ್ಟ ದಿನವೇ ಅನುಮತಿಯೂ ಕಳಚಬೇಕು. ಎರಡನೆಯದಾಗಿ, ಕಡತಗಳು ಗುಮಾಸ್ತನ ಸ್ವಂತ ಖಾತೆಯಲ್ಲಿರದೆ ಸಂಸ್ಥೆಯ ಒಡೆತನದ ಡ್ರೈವಿನಲ್ಲಿರಬೇಕು. ಇಲ್ಲವಾದರೆ ಅವನ ಖಾತೆ ಅಳಿದಂದು ಸಂಸ್ಥೆಯ ದಫ್ತರವೂ ಅಳಿದೀತು. ಮೂರನೆಯದಾಗಿ, ಮೇಲಿನ ಫೋಲ್ಡರಿಗೆ ಕೊಟ್ಟ ಅನುಮತಿ ಸಾಮಾನ್ಯವಾಗಿ ಒಳಗಿನ ಎಲ್ಲ ಕಡತಗಳಿಗೂ ಹರಿಯುವದೆಂಬದನ್ನು ಮರೆಯಬಾರದು. ಗೋಪ್ಯ ಕಾಗದಗಳಿಗೆ ಬೇರೆ ಫೋಲ್ಡರೇ ಇರಲಿ. ನಾಲ್ಕನೆಯದಾಗಿ, ವರ್ಗಾವಣೆಯ ಕಾಲ ಬಂದಾಗಲೆಲ್ಲ ಯಾರು ಯಾರಿಗೆ ಯಾವ ಅನುಮತಿಯಿದೆಯೆಂಬ ಪಟ್ಟಿಯನ್ನು ಪರಿಶೀಲಿಸಿ, ಚಾರ್ಜಿನ ಕಾಗದದಲ್ಲಿ ಅದನ್ನೂ ನಮೂದಿಸಬೇಕು.

ಇದಕ್ಕೆ ಹಣ ಬೇಕಿಲ್ಲ, ಎಚ್ಚರ ಬೇಕು. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ರಕ್ಷಣೆಯ ಹೊಣೆಯನ್ನು ದತ್ತಾಂಶವನ್ನು ಇಟ್ಟುಕೊಂಡವರ ಮೇಲೆಯೇ ಹೊರಿಸಿದೆ. ತಪ್ಪಿದವರಿಗೆ 250 ಕೋಟಿ ರೂಪಾಯಿಗಳ ವರೆಗೂ ದಂಡವನ್ನು ಹೇಳಿದೆ. ಆದರೆ ದಂಡದ ಭಯಕ್ಕಿಂತ ಜನರ ವಿಶ್ವಾಸವೇ ಮೇಲಾದ ಕಾರಣವೆಂದು ನಾವು ಬಗೆಯುತ್ತೇವೆ.

1948ರ ವರೆಗೆ ಈ ಸೀಮೆಯು ನಿಜಾಮ ಸಂಸ್ಥಾನದಲ್ಲಿತ್ತು. ಆಡಳಿತ ಭಾಷೆ ಉರ್ದುವಾಗಿದ್ದುದರಿಂದ ಅನೇಕ ಕನ್ನಡ ರೈತರಿಗೆ ತಮ್ಮ ಹೊಲದ ಕಾಗದವನ್ನೇ ಓದಲು ಬರುತ್ತಿರಲಿಲ್ಲ. ಅಂದು ತನ್ನ ಕಾಗದ ತನಗೇ ಮುಚ್ಚಿತ್ತು. ಇಂದು ಅದು ಕಂಡವರಿಗೆಲ್ಲ ತೆರೆದಿರುವಂತಾದರೆ ಅದೂ ಅನ್ಯಾಯವೇ ಸರಿ. ಅಧಿಕಾರಿಗಳೂ ಸಂಸ್ಥೆಗಳ ಮುಖ್ಯಸ್ಥರೂ ತಮ್ಮ ಕೀಲಿಕೈಗಳನ್ನು ಇಂದೇ ಎಣಿಸಿಕೊಳ್ಳಲಿ. ಜನರೂ ತಮ್ಮ ಕಾಗದ ಯಾರ ಕಣ್ಣಿಗೆ ಬೀಳುತ್ತಿದೆಯೆಂದು ಸಂಕೋಚವಿಲ್ಲದೆ ಕೇಳಲಿ.