ಹಳೆಯ ಪಿಸ್ತೂಲಿನ ಸಾಕ್ಷ್ಯ

ಮಾಗಡಿಯ ಸಾವನದುರ್ಗವು ಕಾರ್ನ್‌ವಾಲಿಸನ ಸೇನೆಗೆ ವಶವಾದುದು 1791ರ ಡಿಸೆಂಬರಿನಲ್ಲಿ. ಆ ಕದನದ್ದೆಂದು ಯಾರಾದರೂ ಕೇಪಿನ ಫ್ರೆಂಚ್ ಪಿಸ್ತೂಲೊಂದನ್ನು ತೋರಿಸಿದರೆ ನಂಬಬಹುದೆ? ಅಂದಿನವು ಚಕಮಕಿಯ ಆಯುಧಗಳು. ಬಡಿತಕ್ಕೆ ಸಿಡಿಯುವ ಮದ್ದಿನ ವಿಧಾನಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಫಾರ್ಸಿತ್ ಹಕ್ಕುಪತ್ರ ಪಡೆದುದೇ 1807ರಲ್ಲಿ. ತಾಮ್ರದ ಕೇಪು ಅದಕ್ಕೂ ಈಚಿನದು.

ಆದರೂ ಆತುರದ ತೀರ್ಪು ಸಲ್ಲದು. ಹಳೆಯ ಚಕಮಕಿ ಪಿಸ್ತೂಲುಗಳನ್ನು ಮುಂದೆ ಕೇಪಿಗೆ ಮಾರ್ಪಡಿಸಿದುದುಂಟು. ಫ್ರೆಂಚ್ ಸೇನೆಯ 1822ರ ಮಾದರಿಗೂ ಹೀಗೆಯೇ ಆಯಿತು. ಪಕ್ಕದ ಉಕ್ಕಿನ ಫಲಕದಲ್ಲಿ ಮುಚ್ಚಿದ ತಿರುಪಿನ ರಂಧ್ರಗಳು ಕಂಡರೆ ಅದು ಮಾರ್ಪಾಡಿನ ಗುರುತು. ಮರಳು ಕಾಗದದಿಂದ ಉಜ್ಜಿದವನು ಈ ಸಾಕ್ಷ್ಯವನ್ನೇ ಅಳಿಸುತ್ತಾನೆ.

ಆದುದರಿಂದ ಮೊದಲು ನಳಿಗೆಯೊಳಕ್ಕೆ ಮರದ ಕಡ್ಡಿಯಿಳಿಸಿ, ಅದರ ಆಳವನ್ನು ಹೊರಗಿನ ಉದ್ದದೊಡನೆ ಹೋಲಿಸಿ, ಹಳೆಯ ಮದ್ದು ಉಳಿದಿಲ್ಲವೆಂದು ತಿಳಿಯತಕ್ಕದ್ದು. ಬಳಿಕ ತೆಳುವಾದ ಎಣ್ಣೆ, ಮೃದುವಾದ ಬಟ್ಟೆ, ತಾಳ್ಮೆ, ಇಷ್ಟೇ ಸಾಕು. ಜೀರ್ಣೋದ್ಧಾರವೆಂದರೆ ಹೊಸದುಮಾಡುವುದಲ್ಲ, ಉಳಿದುದನ್ನು ಉಳಿಸುವುದು.